ಗಾಯಕ್ಕೆ ಮೊದಲ ಮದ್ದು ಮಾತ್ರೆಯಲ್ಲ

ದೇಹಕ್ಕೆ ತಗಲುವ ಸೋಂಕುಗಳಲ್ಲಿ ಗಾಯದ ಸೋಂಕಿಗೆ ಒಂದು ವಿಶೇಷವಿದೆ. ಅದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಶ್ವಾಸಕೋಶದೊಳಗಿನ ನ್ಯುಮೋನಿಯಾವನ್ನು ಯಾರೂ ನೀರು ಹಾಕಿ ತೊಳೆಯಲಾರರು. ರಕ್ತಕ್ಕೆ ಇಳಿದ ನಂಜನ್ನು ಯಾರೂ ಕತ್ತರಿಸಿ ತೆಗೆಯಲಾರರು. ಅಂಥ ಕಡೆ ಆಂಟಿಬಯಾಟಿಕ್ ಬಿಟ್ಟರೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಗಾಯದ ಮಾತು ಬೇರೆ. ಕೀವು ಕಟ್ಟಿದ್ದರೆ ಬಿಡಿಸಬಹುದು, ಕೊಳೆತ ಮಾಂಸವನ್ನು ಹೆರೆದು ತೆಗೆಯಬಹುದು, ಒಳಗೆ ಮುಳ್ಳೋ ಗಾಜಿನ ಚೂರೋ ಉಳಿದಿದ್ದರೆ ಹೊರಗೆಳೆಯಬಹುದು, ಬೆಳೆದಿರುವುದು ಯಾವ ಬ್ಯಾಕ್ಟೀರಿಯಾ ಎಂದು ತಿಳಿಯಲು ಅಲ್ಲಿಂದಲೇ ಒಂದು ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸಬಹುದು. ಇಷ್ಟೆಲ್ಲ ಅನುಕೂಲವಿದ್ದೂ ಗಾಯ ಸ್ವಲ್ಪ ಕೆಂಪಾದ ಕೂಡಲೇ ನಮ್ಮಲ್ಲಿ ಮೊದಲು ನೆನಪಾಗುವುದು ಮೆಡಿಕಲ್ ಶಾಪಿನ ಮಾತ್ರೆ. ಬೇಗ ಮಾಗಲಿ ಎಂದು ಸ್ವಲ್ಪ ‘ಪವರ್’ ಇರುವುದನ್ನೇ ಕೊಡಿ ಎನ್ನುತ್ತೇವೆ. ಆಂಟಿಬಯಾಟಿಕ್‌ಗಳಿಗೆ ಬ್ಯಾಕ್ಟೀರಿಯಾ ಬಗ್ಗದಿರುವ ಈ ಕಾಲದಲ್ಲಿ ಆ ಔಷಧಗಳ ಬಳಕೆಯನ್ನು ರೋಗಿಗೆ ಅಪಾಯವಾಗದಂತೆ ತಗ್ಗಿಸಲು ಎಲ್ಲಕ್ಕಿಂತ ಹೆಚ್ಚು ಅವಕಾಶವಿರುವುದು ಗಾಯದ ಚಿಕಿತ್ಸೆಯಲ್ಲಿ. ಆ ಅವಕಾಶವನ್ನೇ ನಾವು ಕೈಚೆಲ್ಲುತ್ತಿದ್ದೇವೆ ಎನ್ನುವುದು ಈ ಲೇಖನದ ವಾದ.

ಔಷಧ ಸುರಿದಷ್ಟಕ್ಕೇ ಗಾಯ ಶುದ್ಧವಾಗದು ಎನ್ನುವುದನ್ನು ಮೊದಲು ಪ್ರಯೋಗದಿಂದ ತೋರಿಸಿದವರಲ್ಲಿ ಒಬ್ಬರು ಅಲೆಕ್ಸಾಂಡರ್ ಫ್ಲೆಮಿಂಗ್, ಮುಂದೆ ಪೆನಿಸಿಲಿನ್ ಕಂಡುಹಿಡಿದ ಅದೇ ಫ್ಲೆಮಿಂಗ್. ಮೊದಲ ಮಹಾಯುದ್ಧದ ವೇಳೆ ಅವರು ತಮ್ಮ ಗುರು ಆಲ್ಮ್ರೋತ್ ರೈಟ್ ಅವರ ಜತೆ ಫ್ರಾನ್ಸಿನ ಬೂಲೋನ್‌ನಲ್ಲಿದ್ದರು. ಅಲ್ಲಿನ ಒಂದು ಕ್ಯಾಸಿನೊ ಕಟ್ಟಡವೇ ಅವರ ಪ್ರಯೋಗಾಲಯವಾಗಿತ್ತು. ಶೆಲ್ ಚೂರು ಹೊಕ್ಕ ಸೈನಿಕರ ಗಾಯಗಳಿಗೆ ಆಗ ಕಾರ್ಬಾಲಿಕ್ ಆಮ್ಲದಂಥ ಘಾಟು ದ್ರಾವಣಗಳನ್ನು ಸುರಿಯುವುದು ವಾಡಿಕೆ. ಸುರಿದಷ್ಟೂ ಒಳ್ಳೆಯದೆಂದು ನಂಬಿಕೆ. ಫ್ಲೆಮಿಂಗ್ ಗಾಜಿನ ಕೊಳವೆಯನ್ನು ಕಾಯಿಸಿ, ಅಲ್ಲಲ್ಲಿ ಮೊನೆ ಮೊನೆಯಾಗಿ ಎಳೆದು, ಯುದ್ಧದ ಗಾಯದಂತೆ ಸಂದುಗೊಂದುಗಳಿರುವ ಒಂದು ಕೃತಕ ಗಾಯ ತಯಾರಿಸಿದರು. ಬ್ಯಾಕ್ಟೀರಿಯಾ ಬೆರೆತ ದ್ರವವನ್ನು ಅದರೊಳಗೆ ತುಂಬಿ ಖಾಲಿ ಮಾಡಿ, ಆಮೇಲೆ ಕ್ರಿಮಿನಾಶಕ ಸುರಿದು ತೆಗೆದರು. ಮತ್ತೆ ಪೌಷ್ಟಿಕ ದ್ರವ ತುಂಬಿಟ್ಟರೆ ಸಂದುಗಳಲ್ಲಿ ಅಡಗಿದ್ದ ಬ್ಯಾಕ್ಟೀರಿಯಾ ಮತ್ತೆ ಬೆಳೆದು ಬರುತ್ತಿತ್ತು. ದ್ರಾವಣ ಸಂದುಗಳ ಆಳಕ್ಕೆ ಇಳಿಯುತ್ತಿರಲಿಲ್ಲ. ಗಾಯದಲ್ಲಿ ಹೋರಾಡಲು ಬಂದ ಬಿಳಿ ರಕ್ತಕಣಗಳನ್ನು ಮಾತ್ರ ಅದು ಮೊದಲು ಕೊಲ್ಲುತ್ತಿತ್ತು. ಅದೇ ಯುದ್ಧದಲ್ಲಿ ಬೆಲ್ಜಿಯಂನ ಶಸ್ತ್ರಚಿಕಿತ್ಸಕ ಆಂಟ್ವಾನ್ ಡೆಪಾಜ್ ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆದು, ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟು, ಕೆಲವು ದಿನ ನೋಡಿಕೊಂಡು ಆಮೇಲೆ ಹೊಲಿಯುವ ಪದ್ಧತಿಯನ್ನು ನೆಲೆಗೊಳಿಸಿದರು. ಆಂಟಿಬಯಾಟಿಕ್ ಎನ್ನುವುದೇ ಇಲ್ಲದ ಕಾಲದಲ್ಲಿ ಸಾವಿರಾರು ಕೈಕಾಲುಗಳನ್ನು ಉಳಿಸಿದ್ದು ಈ ಕ್ರಮ. ಸುಶ್ರುತ ಸಂಹಿತೆಯಲ್ಲಿಯೂ ವ್ರಣಕ್ಕೆ 60 ಉಪಕ್ರಮಗಳನ್ನು ಹೇಳಿದೆ. ಕೊಯ್ಯುವುದು, ಹೆರೆಯುವುದು, ಸ್ರಾವ ಹರಿಸುವುದು, ಕಟ್ಟುವುದು ಎಲ್ಲವೂ ಅವುಗಳಲ್ಲಿವೆ. ಗಾಯಕ್ಕೆ ಕೈಕೆಲಸ ಬೇಕು ಎನ್ನುವ ತಿಳಿವಳಿಕೆ ಹಳೆಯದು. ಮಾತ್ರೆ ಸುಲಭವಾಗಿ ಸಿಗತೊಡಗಿದ ಮೇಲೆ ಅದು ಹಿಂದೆ ಸರಿಯಿತು.

ಪೆನಿಸಿಲಿನ್ ಬಂದಾಗ ಪವಾಡವೇ ನಡೆದಂತೆ ಕಂಡಿದ್ದು ನಿಜ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಸೋಂಕಿನ ಚಿಕಿತ್ಸೆಗೆಂದು ಆ ಔಷಧವನ್ನು ಪಡೆದ ಮೊದಲ ರೋಗಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್. ಮುಖದ ಗಾಯದಿಂದ ಹಬ್ಬಿದ ಸೋಂಕು ಅವರ ಒಂದು ಕಣ್ಣನ್ನು ಆಗಲೇ ಕಿತ್ತುಕೊಂಡಿತ್ತು. ಔಷಧ ಕೊಟ್ಟ ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು, ಹಸಿವು ಮರಳಿತು. ಆದರೆ ಇದ್ದ ಔಷಧವೆಲ್ಲ ಮುಗಿದುಹೋಯಿತು. ಅವರ ಮೂತ್ರದಿಂದಲೇ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಕೊಟ್ಟರೂ ಸಾಲದೆ ಮಾರ್ಚ್ ತಿಂಗಳಲ್ಲಿ ಅವರು ತೀರಿಕೊಂಡರು. ಅಂದು ಔಷಧ ಸಾಲಲಿಲ್ಲ. ಇಂದು ರಾಶಿ ಬಿದ್ದಿದೆ, ಎಷ್ಟೋ ವೇಳೆ ಕೆಲಸ ಮಾಡುವುದಿಲ್ಲ. ಈ ಎರಡರ ನಡುವೆ ಕಳೆದ ಕಾಲ ಹೆಚ್ಚಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಸೂಕ್ಷ್ಮಜೀವಿ ತಜ್ಞೆ ಮೇರಿ ಬಾರ್ಬರ್ ಲೆಕ್ಕ ಇಟ್ಟರು. ಕುರು, ಕೀವುಗಳಿಗೆ ಮುಖ್ಯ ಕಾರಣವಾದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದಲ್ಲಿ ಪೆನಿಸಿಲಿನ್‌ಗೆ ಬಗ್ಗದ ತಳಿಗಳು 1946ರಲ್ಲಿ ನೂರಕ್ಕೆ ಸುಮಾರು 14 ಇದ್ದವು, 1948ರಲ್ಲಿ 59 ಆದವು. ಅವನ್ನು ಹತ್ತಿಕ್ಕಲೆಂದೇ ರೂಪಿಸಿದ ಮೆಥಿಸಿಲಿನ್ 1959ರ ಹೊತ್ತಿಗೆ ಸಿದ್ಧವಾಯಿತು. 1961ರಲ್ಲಿ ಅದಕ್ಕೂ ಜಗ್ಗದ ತಳಿ ಇಂಗ್ಲೆಂಡಿನಲ್ಲೇ ಪತ್ತೆಯಾಯಿತು. ಇವತ್ತು ಆಸ್ಪತ್ರೆಗಳಲ್ಲಿ ಎಂಆರ್‌ಎಸ್‌ಎ ಎಂದು ಕರೆಯುವುದು ಇದರ ವಂಶವನ್ನೇ. 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿದಾಗ ಫ್ಲೆಮಿಂಗ್ ಅವರೇ, ಪೆನಿಸಿಲಿನ್ ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳುವ ಕಾಲ ಬಂದರೆ ಅಪಾಯ ಕಾದಿದೆ ಎಂದು ಎಚ್ಚರಿಸಿದ್ದರು.

ಪ್ರತಿರೋಧ ಹುಟ್ಟುವ ಬಗೆಯನ್ನು ಸಾಮಾನ್ಯವಾಗಿ ಅರ್ಧ ಮಾತ್ರ ಹೇಳುತ್ತಾರೆ. ಔಷಧಕ್ಕೆ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ದುರ್ಬಲವಾದವು ಸಾಯುತ್ತವೆ, ತಡೆದುಕೊಳ್ಳಬಲ್ಲವು ಉಳಿದು ಬೆಳೆಯುತ್ತವೆ. ಇಷ್ಟು ಎಲ್ಲರಿಗೂ ಗೊತ್ತು. ಹೇಳದೆ ಬಿಡುವ ಸಂಗತಿ ಇದು: ಕಾಲಿನ ಗಾಯಕ್ಕೆಂದು ನುಂಗಿದ ಮಾತ್ರೆ ಕಾಲಿಗಷ್ಟೇ ಹೋಗುವುದಿಲ್ಲ. ಅದು ಕರುಳಿನಲ್ಲಿ, ಚರ್ಮದ ಮೇಲೆ, ಮೂಗಿನೊಳಗೆ ನೆಮ್ಮದಿಯಾಗಿ ಬಾಳುತ್ತಿರುವ, ಯಾವ ಕಾಯಿಲೆಗೂ ಕಾರಣವಲ್ಲದ ಕೋಟ್ಯಂತರ ಬ್ಯಾಕ್ಟೀರಿಯಾಗಳ ಮೇಲೂ ಎರಗುತ್ತದೆ. ಅವುಗಳಲ್ಲಿ ಸಹಿಷ್ಣು ತಳಿಗಳು ಹೆಚ್ಚುತ್ತವೆ. ಬ್ಯಾಕ್ಟೀರಿಯಾಗಳು ಪ್ರತಿರೋಧದ ವಂಶವಾಹಿಗಳನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಆದ್ದರಿಂದ ಇವತ್ತು ಮಂಡಿ ತರಚಿದ್ದಕ್ಕೆ ತೆಗೆದುಕೊಂಡ ಅನಾವಶ್ಯಕ ಮಾತ್ರೆಯ ಬೆಲೆಯನ್ನು ಆರು ತಿಂಗಳ ನಂತರ ಅದೇ ವ್ಯಕ್ತಿ ಮೂತ್ರದ ಸೋಂಕಿನಲ್ಲಿ ತೆರಬೇಕಾಗಬಹುದು, ಇಲ್ಲವೇ ಅದೇ ಮನೆಯ ಹಸುಗೂಸು ತೆರಬೇಕಾಗಬಹುದು. ಬೇಡದ ಆಂಟಿಬಯಾಟಿಕ್‌ನಿಂದ ಲಾಭವಿಲ್ಲದಿದ್ದರೂ ನಷ್ಟವಂತೂ ಇಲ್ಲ ಎನ್ನುವ ಸಮಾಧಾನ ಇಲ್ಲಿ ಸುಳ್ಳಾಗುತ್ತದೆ.

ನಷ್ಟದ ಗಾತ್ರ ಸಣ್ಣದಲ್ಲ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ, 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಸತ್ತರು. ಭಾರತದ ಪಾಲು ಸುಮಾರು 3 ಲಕ್ಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2013ರಿಂದ ದೊಡ್ಡ ಆಸ್ಪತ್ರೆಗಳ ಪ್ರಯೋಗಾಲಯಗಳಿಂದ ಮಾಹಿತಿ ಕಲೆಹಾಕುತ್ತಿದೆ. ಅದರ ಇತ್ತೀಚಿನ ವರ್ಷಗಳ ವರದಿಗಳಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಮಾದರಿಗಳ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಎಂಆರ್‌ಎಸ್‌ಎ. ಸುಟ್ಟಗಾಯಗಳನ್ನೂ ಹಳೆಯ ಹುಣ್ಣುಗಳನ್ನೂ ಕಾಡುವ ಸ್ಯೂಡೊಮೊನಾಸ್, ತೀವ್ರನಿಗಾ ಘಟಕಗಳ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಇವುಗಳ ಕಥೆ ಇನ್ನೂ ಕಠಿಣ. ಇವುಗಳಿಗೆ ಕಾರ್ಬಪೆನೆಮ್ ಗುಂಪಿನ ದುಬಾರಿ ಇಂಜೆಕ್ಷನ್‌ಗಳೂ ಎಷ್ಟೋ ವೇಳೆ ನಾಟುವುದಿಲ್ಲ. ಇವು ದೊಡ್ಡ ಆಸ್ಪತ್ರೆಗಳ ಲೆಕ್ಕ, ಊರಿನ ಹೊಲದಲ್ಲಿ ಕುಡುಗೋಲು ತಾಗಿದವರ ಲೆಕ್ಕವಲ್ಲ ಎನ್ನುವುದನ್ನು ಮರೆಯಬಾರದು. ಊರಿನ ಸಾಮಾನ್ಯ ಗಾಯಗಳಲ್ಲಿ ಹಳೆಯ, ಅಗ್ಗದ ಔಷಧಗಳು ಈಗಲೂ ಕೆಲಸ ಮಾಡುತ್ತವೆ. ಅವುಗಳನ್ನು ಉಳಿಸಿಕೊಳ್ಳುವ ಅವಕಾಶ ನಮಗಿನ್ನೂ ಇದೆ ಎನ್ನುವುದರಿಂದಲೇ ಈ ಚರ್ಚೆಗೆ ಅರ್ಥ.

ಗಾಯದ ಒಳಗೆ ಔಷಧ ಸೋಲುವುದಕ್ಕೆ ಪ್ರತಿರೋಧದ ವಂಶವಾಹಿಯೇ ಬೇಕೆಂದಿಲ್ಲ. ಆಂಟಿಬಯಾಟಿಕ್ ಪ್ರಯಾಣ ಮಾಡುವುದು ರಕ್ತದಲ್ಲಿ. ಕೀವಿನ ಗುಳಿಯೊಳಗೆ ರಕ್ತನಾಳಗಳಿಲ್ಲ, ಸತ್ತ ಮಾಂಸಕ್ಕೆ ರಕ್ತ ಹರಿಯುವುದಿಲ್ಲ. ಕೀವಿನಲ್ಲಿ ಆಮ್ಲಜನಕ ಕಡಿಮೆ, ಆಮ್ಲೀಯತೆ ಹೆಚ್ಚು. ಜೆಂಟಾಮೈಸಿನ್‌ನಂಥ ಔಷಧಗಳು ಅಂಥ ವಾತಾವರಣದಲ್ಲಿ ಕಸುವು ಕಳೆದುಕೊಳ್ಳುತ್ತವೆ. ಇನ್ನು ವಾರಗಟ್ಟಲೆ ಮಾಗದ ಹುಣ್ಣುಗಳಲ್ಲಿ ಬ್ಯಾಕ್ಟೀರಿಯಾಗಳು ಒಂಟಿಯಾಗಿರುವುದಿಲ್ಲ. ಬಾವಿಯ ಮೆಟ್ಟಿಲಿಗೆ ಹಿಡಿದ ಪಾಚಿಯಂತೆ, ತಾವೇ ಸ್ರವಿಸಿದ ಲೋಳೆಯ ಪೊರೆಯೊಳಗೆ ಒತ್ತೊತ್ತಾಗಿ ನೆಲೆಸುತ್ತವೆ. ಬಯೊಫಿಲ್ಮ್ ಎನ್ನುವ ಈ ಪೊರೆಯೊಳಗಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಮಾಮೂಲಿಗಿಂತ ನೂರಾರು ಪಟ್ಟು ಔಷಧ ಬೇಕಾಗಬಹುದು. ಅಷ್ಟು ಪ್ರಮಾಣವನ್ನು ಮನುಷ್ಯ ದೇಹ ತಾಳಲಾರದು. ಮಾತ್ರೆ ಬದಲಾಯಿಸಿದರೆ ಈ ಪೊರೆ ಹೋಗುವುದಿಲ್ಲ, ಕೆರೆದು ತೆಗೆದರೆ ಹೋಗುತ್ತದೆ. ಮತ್ತೆ ಕಟ್ಟಿಕೊಂಡರೆ ಮತ್ತೆ ತೆಗೆಯಬೇಕು. ನುರಿತ ನರ್ಸ್ ಒಬ್ಬರು ವಾರಕ್ಕೆರಡು ಸಲ ಮಾಡುವ ಡ್ರೆಸಿಂಗ್ ಎಂಥ ದೊಡ್ಡ ಚಿಕಿತ್ಸೆ ಎನ್ನುವುದು ಇದರಿಂದ ತಿಳಿಯುತ್ತದೆ. ನಮ್ಮ ಆರೋಗ್ಯ ವ್ಯವಸ್ಥೆ ಆ ಕೆಲಸಕ್ಕೆ ತಕ್ಕ ಗೌರವವನ್ನೂ ಕೊಟ್ಟಿಲ್ಲ, ಸಂಬಳವನ್ನೂ ಕೊಟ್ಟಿಲ್ಲ.

ಬ್ಯಾಕ್ಟೀರಿಯಾ ಇದ್ದ ಮಾತ್ರಕ್ಕೆ ಸೋಂಕು ಎನ್ನುವಂತಿಲ್ಲ. ತೆರೆದ ಗಾಯ ಯಾವುದೇ ಇರಲಿ, ಅದರ ಮೇಲೆ ಬ್ಯಾಕ್ಟೀರಿಯಾಗಳು ಇದ್ದೇ ಇರುತ್ತವೆ. ಹತ್ತಿಯ ಕಡ್ಡಿಯಿಂದ ಮೇಲ್ಮೈ ಒರೆಸಿ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿದರೆ ಏನಾದರೊಂದು ಬೆಳೆದೇ ಬೆಳೆಯುತ್ತದೆ. ವರದಿಯಲ್ಲಿ ಸ್ಯೂಡೊಮೊನಾಸ್ ಎಂಬ ಹೆಸರು ಕಂಡು ಗಾಬರಿಯಾಗಿ ಇಂಜೆಕ್ಷನ್ ಶುರು ಮಾಡಿದರೆ ಚಿಕಿತ್ಸೆ ವರದಿಗೆ ಆಯಿತೇ ಹೊರತು ರೋಗಿಗಲ್ಲ. ಸೋಂಕು ಎಂದು ತೀರ್ಮಾನಿಸುವುದು ಕೆಂಪು, ಊತ, ಬಿಸಿ, ನೋವು, ಕೀವು ಎಂಬ ಲಕ್ಷಣಗಳನ್ನು ನೋಡಿ. ಸೋಂಕು ಇದೆ, ಔಷಧ ಬೇಕು ಎಂದಾದಾಗ ಮಾದರಿ ತೆಗೆಯಬೇಕು. ಅದನ್ನು ಗಾಯ ತೊಳೆದು ಹೆರೆದ ನಂತರ, ಆಳದ ಅಂಗಾಂಶದಿಂದ, ಆದಷ್ಟೂ ಮೊದಲ ಡೋಸ್‌ಗೆ ಮುಂಚೆ ತೆಗೆಯಬೇಕು. ಮಾತ್ರೆ ನುಂಗಿದ ಮೇಲೆ ತೆಗೆದ ಮಾದರಿಯಲ್ಲಿ ನಿಜವಾದ ಅಪರಾಧಿ ಸಿಗದೆ, ಮೇಲೆ ಸುಮ್ಮನೆ ಕೂತಿದ್ದ ಬ್ಯಾಕ್ಟೀರಿಯಾ ಸಿಕ್ಕಿಬೀಳುವುದೇ ಹೆಚ್ಚು.

ಔಷಧದ ಆಯ್ಕೆಯಲ್ಲೂ ‘ಪವರ್’ ಎಂಬ ಕಲ್ಪನೆ ದಾರಿ ತಪ್ಪಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿತು. ಎಲ್ಲ ಕಡೆ ಸುಲಭವಾಗಿ ಸಿಗಬೇಕಾದವು, ಎಚ್ಚರದಿಂದ ಬಳಸಬೇಕಾದವು, ಕೊನೆಯ ಗಳಿಗೆಗೆ ಕಾದಿಡಬೇಕಾದವು. ಕೀವಿಲ್ಲದೆ ಕೆಂಪು ಹರಡುತ್ತಿರುವ ಸಾಧಾರಣ ಚರ್ಮದ ಸೋಂಕಿಗೆ ಮೊದಲ ಗುಂಪಿನ ಕ್ಲಾಕ್ಸಾಸಿಲಿನ್, ಸೆಫಲೆಕ್ಸಿನ್‌ಗಳೇ ಸಾಕು. ಬಹಳಷ್ಟು ಸಲ ಐದು ದಿನದ ಅವಧಿಯೂ ಸಾಕು. ಎಂಆರ್‌ಎಸ್‌ಎ ಇರಬಹುದೆಂಬ ಅನುಮಾನಕ್ಕೆ ಕೋಟ್ರೈಮೊಕ್ಸಜೋಲ್, ಡಾಕ್ಸಿಸೈಕ್ಲಿನ್, ಕ್ಲಿಂಡಮೈಸಿನ್ ಎಂಬ ಹಳಬರಿದ್ದಾರೆ. ವ್ಯಾಂಕೊಮೈಸಿನ್‌ನಂಥವು ಆಸ್ಪತ್ರೆಗೆ ಸೇರಿದ ಗಂಭೀರ ರೋಗಿಗೆ. ಹೀಗಿರುವಾಗ ಕುರುವಿಗೆ ಲಿನೆಜೋಲಿಡ್ ಬರೆಯುವ ಅಭ್ಯಾಸ ಕಳವಳ ತರುತ್ತದೆ. ಅದು ಎಂಆರ್‌ಎಸ್‌ಎಗೆ ಒಳ್ಳೆಯ ಔಷಧ, ಮಾತ್ರೆಯ ರೂಪದಲ್ಲಿ ಸಿಗುತ್ತದೆ, ಹಾಗಾಗಿ ಬರೆಯುವುದು ಸುಲಭ. ಆದರೆ ಔಷಧಗಳಿಗೆ ಬಗ್ಗದ ಕ್ಷಯರೋಗಕ್ಕೆ ಭಾರತ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟ ಆರು ತಿಂಗಳ ಚಿಕಿತ್ಸೆಯ ನಾಲ್ಕು ಔಷಧಗಳಲ್ಲಿ ಲಿನೆಜೋಲಿಡ್ ಒಂದು. ಜಗತ್ತಿನಲ್ಲೇ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶ ನಮ್ಮದು. ಪತ್ತೆಯಾಗದ ಕ್ಷಯವನ್ನು ಎದೆಯಲ್ಲಿಟ್ಟುಕೊಂಡವರು ಕುರುವಿಗೆಂದು ಈ ಮಾತ್ರೆ ನುಂಗಿದರೆ ಕ್ಷಯದ ಬ್ಯಾಕ್ಟೀರಿಯಾವೂ ಅದಕ್ಕೆ ಬಗ್ಗದಂತಾಗುವ ಅಪಾಯವಿದೆ.

ಈ ವಿವೇಕ ಅತಿ ಹೆಚ್ಚು ಬೇಕಾದದ್ದು ಸಕ್ಕರೆ ಕಾಯಿಲೆಯವರ ಪಾದದ ವಿಷಯದಲ್ಲಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ನರಗಳು ಸೂಕ್ಷ್ಮತೆ ಕಳೆದುಕೊಂಡ ಪಾದಕ್ಕೆ ಚಪ್ಪಲಿಯ ಮೊಳೆ ಚುಚ್ಚಿದ್ದೂ ಗೊತ್ತಾಗುವುದಿಲ್ಲ, ರಕ್ತನಾಳ ಕಿರಿದಾದ್ದರಿಂದ ಹುಣ್ಣು ಮಾಗುವುದೂ ಇಲ್ಲ. ಮಾಗದ ಹುಣ್ಣನ್ನು ಕಂಡು ತಿಂಗಳುಗಟ್ಟಲೆ ಒಂದಾದ ಮೇಲೊಂದು ಆಂಟಿಬಯಾಟಿಕ್ ನಡೆಯುತ್ತದೆ. ಸೋಂಕಿನ ಲಕ್ಷಣವಿಲ್ಲದ ಪಾದದ ಹುಣ್ಣಿಗೆ ಆಂಟಿಬಯಾಟಿಕ್ ಕೊಡಬೇಡಿ, ಅದರಿಂದ ಮಾಗುವಿಕೆಯೂ ಬೇಗವಾಗುವುದಿಲ್ಲ, ಸೋಂಕೂ ತಡೆಯುವುದಿಲ್ಲ ಎಂದು ಮಧುಮೇಹಿ ಪಾದದ ಅಂತರರಾಷ್ಟ್ರೀಯ ಕಾರ್ಯತಂಡ 2023ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಸೋಂಕಿದ್ದರೆ ಮಾಂಸದ ಮಟ್ಟಿಗೆ ಒಂದೆರಡು ವಾರ. ಮೂಳೆಗೆ ಇಳಿದು, ಆ ಮೂಳೆಯನ್ನು ತೆಗೆಯದೆ ಉಳಿಸಿಕೊಂಡಿದ್ದರೆ ಸುಮಾರು ಆರು ವಾರ. ಹುಣ್ಣು ಮಾಗಲು ಬೇಕಾದದ್ದು ಪಾದದ ಮೇಲಿನ ಭಾರ ಇಳಿಸುವ ವಿಶೇಷ ಪಾದರಕ್ಷೆ ಅಥವಾ ಪಟ್ಟಿ, ರಕ್ತಸಂಚಾರದ ತಪಾಸಣೆ, ಸಕ್ಕರೆಯ ಹತೋಟಿ, ಸತ್ತ ಚರ್ಮವನ್ನು ತೆಗೆಯುವುದು. ರಕ್ತನಾಳ ಮುಚ್ಚಿಹೋದ ಕಾಲಿಗೆ ಎಷ್ಟು ದುಬಾರಿ ಇಂಜೆಕ್ಷನ್ ಕೊಟ್ಟರೂ ಅದು ಹೆಬ್ಬೆರಳನ್ನು ತಲುಪುವ ದಾರಿಯೇ ಇರುವುದಿಲ್ಲ. ಕಾಲು ಕತ್ತರಿಸುವ ಹಂತಕ್ಕೆ ಬಂದ ಎಷ್ಟೋ ಪ್ರಕರಣಗಳಲ್ಲಿ ಕಳೆದುಹೋದದ್ದು ಮಾತ್ರೆಯ ಮೇಲೆ ನಂಬಿಕೆಯಿಟ್ಟು ಕಾದ ವಾರಗಳು.

ಶಸ್ತ್ರಚಿಕಿತ್ಸೆಯ ಗಾಯದಲ್ಲೂ ಸಾಕ್ಷ್ಯ ಇದೇ ಕಡೆ ಬೆರಳು ತೋರಿಸುತ್ತದೆ. 1961ರಲ್ಲಿ ಶಸ್ತ್ರಚಿಕಿತ್ಸಕ ಜಾನ್ ಬರ್ಕ್ ಗಿನಿಯಿಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಬ್ಯಾಕ್ಟೀರಿಯಾ ಸೇರುವ ಮುನ್ನ ರಕ್ತದಲ್ಲಿದ್ದ ಪೆನಿಸಿಲಿನ್ ಸೋಂಕನ್ನು ಚೆನ್ನಾಗಿ ತಡೆಯಿತು. ಸುಮಾರು ಮೂರು ಗಂಟೆ ತಡವಾಗಿ ಕೊಟ್ಟದ್ದು ಉಪಯೋಗಕ್ಕೇ ಬರಲಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ಗಂಟೆಯೊಳಗೆ ಆಂಟಿಬಯಾಟಿಕ್ ಕೊಡಬೇಕು, ಮುಗಿದ ಮೇಲೆ ತಡೆಗಟ್ಟುವ ನೆಪದಲ್ಲಿ ಮುಂದುವರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಆದರೂ ಸಿಸೇರಿಯನ್ ಆದ ತಾಯಂದಿರಿಗೆ, ಹರ್ನಿಯಾ ಶಸ್ತ್ರಚಿಕಿತ್ಸೆ ಆದವರಿಗೆ ಐದು, ಏಳು ದಿನ ಔಷಧ ಮುಂದುವರಿಸುವ ರೂಢಿ ನಮ್ಮಲ್ಲಿ ಬಿಟ್ಟುಹೋಗಿಲ್ಲ. ಇದರ ಎದುರು 2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಒಂದು ಅಧ್ಯಯನವನ್ನು ಇಟ್ಟು ನೋಡಬೇಕು. ಭಾರತವೂ ಸೇರಿದಂತೆ ಏಳು ದೇಶಗಳಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾದ 13 ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ, ಹೊಲಿಗೆ ಹಾಕುವ ಮುನ್ನ ಕೈಗವಸು ಮತ್ತು ಉಪಕರಣಗಳನ್ನು ಬದಲಾಯಿಸುವುದರಿಂದ ಏನಾಗುತ್ತದೆ ಎಂದು ಪರೀಕ್ಷಿಸಿದರು. ಗಾಯದ ಸೋಂಕು ನೂರಕ್ಕೆ 18.9ರಿಂದ 16ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ, ಒಂದು ಜೊತೆ ಹೊಸ ಕೈಗವಸು, ಒಂದಿಷ್ಟು ಶುದ್ಧ ಉಪಕರಣ. ಈ ಫಲಿತಾಂಶ ನಮ್ಮ ಪ್ರತಿಯೊಂದು ಆಪರೇಷನ್ ಥಿಯೇಟರಿನ ಗೋಡೆಯ ಮೇಲೆ ಇರಬೇಕಾದದ್ದು.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳೂ ಇವೆ. ಮೊದಲನೆಯದು ಪ್ರಯೋಗಗಳಿಂದಲೇ ಬಂದದ್ದು. ಕುರುವನ್ನು ಕೊಯ್ದು ಕೀವು ತೆಗೆದರೆ ಸಾಕು ಎಂದು ವೈದ್ಯಪಠ್ಯಗಳು ಬಹಳ ಕಾಲ ಹೇಳುತ್ತಿದ್ದವು. ಅಮೆರಿಕದಲ್ಲಿ 2016 ಮತ್ತು 2017ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು, ಕೊಯ್ದ ನಂತರ ಆಂಟಿಬಯಾಟಿಕ್ ಕೂಡ ಕೊಟ್ಟರೆ ಹೆಚ್ಚು ಜನ ಗುಣವಾಗುತ್ತಾರೆ ಎಂದು ತೋರಿಸಿದವು. ಮೊದಲನೆಯದರಲ್ಲಿ ಔಷಧ ಪಡೆದವರಲ್ಲಿ ನೂರಕ್ಕೆ 80.5 ಜನ ಗುಣವಾದರೆ ಬರಿಯ ಹುಸಿಮಾತ್ರೆ ಪಡೆದವರಲ್ಲಿ 73.6. ಎರಡನೆಯದರಲ್ಲಿ ಸುಮಾರು 82ಕ್ಕೆ ಎದುರಾಗಿ ಸುಮಾರು 69. ಈ ಲಾಭವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ಅಂಕಿಗಳನ್ನು ತಿರುಗಿಸಿ ನೋಡಿ. ಮಾತ್ರೆಯೇ ಇಲ್ಲದೆ, ಕೀವು ತೆಗೆದಷ್ಟರಿಂದಲೇ ಹತ್ತರಲ್ಲಿ ಏಳು ಜನ ಗುಣವಾದರು. ಎರಡೂ ಪ್ರಯೋಗಗಳಲ್ಲಿ ಎಲ್ಲ ರೋಗಿಗಳ ಕುರುವನ್ನೂ ಮೊದಲು ಕೊಯ್ದಿದ್ದರು. ಕೊಯ್ಯದೆ ಮಾತ್ರೆಯಷ್ಟೇ ಕೊಟ್ಟು ಕರಗಿಸುವ ನಮ್ಮ ರೂಢಿಗೆ ಇಲ್ಲಿ ಯಾವ ಬೆಂಬಲವೂ ಇಲ್ಲ. ಮೇಲಾಗಿ ಅಲ್ಲಿ ಬಳಸಿದ್ದು ಕೋಟ್ರೈಮೊಕ್ಸಜೋಲ್ ಮತ್ತು ಕ್ಲಿಂಡಮೈಸಿನ್ ಎಂಬ ಹಳೆಯ ಔಷಧಗಳು. ಕುರು ದೊಡ್ಡದಿದ್ದರೆ, ಸುತ್ತ ಕೆಂಪು ಹರಡಿದ್ದರೆ, ರೋಗಿಗೆ ಸಕ್ಕರೆ ಕಾಯಿಲೆ ಇದ್ದರೆ ಔಷಧ ಸೇರಿಸುವುದು ಸರಿ. ಸಣ್ಣ ಕುರುವಿಗೆ, ಆರೋಗ್ಯವಂತರಿಗೆ, ಕೊಯ್ದು ಕಾಯುವುದೂ ನ್ಯಾಯವಾದ ಆಯ್ಕೆಯೇ.

ಎರಡನೆಯ ಆಕ್ಷೇಪ ನಮ್ಮ ನೆಲದ್ದು, ಮೊದಲನೆಯದಕ್ಕಿಂತ ಹೆಚ್ಚು ತೂಕದ್ದು. ಧೂಳು, ಸೆಗಣಿ, ಕೆಸರು ಗದ್ದೆಯ ನಡುವೆ ಬರಿಗಾಲಲ್ಲಿ ದುಡಿಯುವವರಿಗೆ ‘ಕಾದು ನೋಡಿ’ ಎನ್ನುವುದು ಹೇಗೆ? ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಹಣ ಹೊಂದಿಸಿ ತಾಲ್ಲೂಕು ಆಸ್ಪತ್ರೆಗೆ ಬಂದವರು ಎರಡು ದಿನ ಬಿಟ್ಟು ಮತ್ತೆ ಬರುತ್ತಾರೆಯೇ? ಬಾರದೆ ಸೋಂಕು ಏರಿದರೆ ಹೊಣೆ ಯಾರು? ವೈದ್ಯರು ಮುಂಜಾಗ್ರತೆಗೆಂದು ಮಾತ್ರೆ ಬರೆಯುವುದು ಸೋಮಾರಿತನದಿಂದಲ್ಲ, ಈ ಭಯದಿಂದ. ಭಯ ನಿಜ, ಆದರೆ ಮಾತ್ರೆ ಅದಕ್ಕೆ ಉತ್ತರವಲ್ಲ. ಕೊಳೆಯಾದ ಗಾಯವನ್ನು ಸೋಂಕಿನಿಂದ ಕಾಪಾಡುವುದು ಧಾರಾಳ ನೀರಿನ ತೊಳೆಯುವಿಕೆ. ಕುಡಿಯಲು ಯೋಗ್ಯವಾದ ನಲ್ಲಿ ನೀರಿನಿಂದ ತೊಳೆದರೂ ಸಲೈನ್‌ನಲ್ಲಿ ತೊಳೆದದ್ದಕ್ಕಿಂತ ಸೋಂಕು ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಮಣ್ಣು ಸೆಗಣಿಯ ಗಾಯದಲ್ಲಿ ಹೆದರಬೇಕಾದ ಧನುರ್ವಾಯುವಿಗೆ ಲಸಿಕೆ ಇದೆ. ನಾಯಿ ಕಚ್ಚಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ರೇಬಿಸ್ ಲಸಿಕೆಗೆ ಓಡಬೇಕು. ಅದು ವೈರಸ್, ಯಾವ ಆಂಟಿಬಯಾಟಿಕ್ಕೂ ಅದನ್ನು ಮುಟ್ಟಲಾರದು. ಕೆಲವು ಗಾಯಗಳಿಗೆ ಮುಂಜಾಗ್ರತೆಯ ಔಷಧ ಬೇಕೇ ಬೇಕು. ಆಳವಾದ ಕಡಿತ, ಕೈಗೆ ಆದ ಕಡಿತ, ಮೂಳೆ ಮುರಿದು ಚರ್ಮ ಸೀಳಿದ ಗಾಯ ಅಂಥವು. ಅಲ್ಲಿ ಹಿಂಜರಿಯಬಾರದು. ಪ್ರಶ್ನೆ ಇರುವುದು ಉಳಿದ ಬಹುಪಾಲು ತರಚು, ಕೊಯ್ತಗಳ ಬಗ್ಗೆ. ಮರುಭೇಟಿಯ ಕಷ್ಟಕ್ಕೆ ಪರಿಹಾರ ಊರಿನಲ್ಲೇ ಡ್ರೆಸಿಂಗ್ ಮಾಡಬಲ್ಲ ಆರೋಗ್ಯ ಉಪಕೇಂದ್ರ, ಗಾಯದ ಫೋಟೋ ನೋಡಿ ಸಲಹೆ ಕೊಡುವ ವೈದ್ಯರು. ಮೊಬೈಲ್ ಇಲ್ಲದ ಮನೆ ಅಪರೂಪವಾದ ನಾಡಿನಲ್ಲಿ ಇದು ಅಸಾಧ್ಯವಲ್ಲ.

ಕಾಯಬಾರದ ಸ್ಥಿತಿಗಳನ್ನು ಇಲ್ಲಿ ಒತ್ತಿ ಹೇಳಲೇಬೇಕು. ಗಾಯ ಸಣ್ಣದು, ನೋವು ಮಾತ್ರ ತಾಳಲಾಗದಷ್ಟು. ಕೆಂಪು ಗಂಟೆಗಂಟೆಗೂ ಹರಡುತ್ತಿದೆ. ಚರ್ಮ ನೀಲಿ ಕಪ್ಪಾಗಿ ಬೊಕ್ಕೆ ಏಳುತ್ತಿದೆ. ಚಳಿಜ್ವರ, ಏದುಸಿರು, ಮಂಕು ಕವಿದಂಥ ಮಾತು. ಇವುಗಳಲ್ಲಿ ಯಾವುದು ಕಂಡರೂ ಅದೇ ಗಂಟೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮಾಂಸವನ್ನೇ ಕೊಳೆಸುತ್ತ ಹೋಗುವ ಸೋಂಕಿನಲ್ಲಿ ಬಲವಾದ ಇಂಜೆಕ್ಷನ್‌ಗಳನ್ನು ತಕ್ಷಣ ಕೊಡಬೇಕು. ಅಲ್ಲೂ ಜೀವ ಉಳಿಸುವುದು ಕೊಳೆತದ್ದನ್ನು ತಡಮಾಡದೆ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ. ಕಾರ್ಬಪೆನೆಮ್, ವ್ಯಾಂಕೊಮೈಸಿನ್‌ಗಳನ್ನು ಸುಮ್ಮಸುಮ್ಮನೆ ಖರ್ಚು ಮಾಡಬಾರದು ಎನ್ನುವುದು ಇಂಥ ರಾತ್ರಿಗಳಿಗಾಗಿಯೇ.

ಮಾತ್ರೆ ಬೇಡವೆಂದರೆ ಮನೆಮದ್ದೇ ಎಂದು ಕೆಲವರು ಕೇಳಬಹುದು. ಕಾಫಿಪುಡಿ, ಸುಣ್ಣ, ಬೂದಿ ಗಾಯಕ್ಕೆ ಹಾಕುವುದು ತಪ್ಪು. ಅವು ಗಾಯವನ್ನು ಮುಚ್ಚಿ ಕೊಳೆಯನ್ನು ಒಳಗೇ ಉಳಿಸುತ್ತವೆ. ಅಷ್ಟೇ ತಪ್ಪು ಎಂದು ಹೇಳಲು ಮನಸ್ಸಾಗದ, ಆದರೆ ಅನಾವಶ್ಯಕವಾದ ರೂಢಿ ಆಂಟಿಬಯಾಟಿಕ್ ಪುಡಿ ಉದುರಿಸುವುದು, ಮುಲಾಮು ಹಚ್ಚುವುದು. ಚರ್ಮದ ಸಣ್ಣ ಶಸ್ತ್ರಚಿಕಿತ್ಸೆಯಾದ ಒಂಬೈನೂರಕ್ಕೂ ಹೆಚ್ಚು ಜನರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬ್ಯಾಸಿಟ್ರಾಸಿನ್ ಮುಲಾಮಿಗೂ ಬರಿಯ ಬಿಳಿ ವ್ಯಾಸಲೀನ್‌ಗೂ ಸೋಂಕಿನಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಕಾಣಲಿಲ್ಲ. ಸುಡುಗಾಯಗಳಲ್ಲಿ ವೈದ್ಯಕೀಯವಾಗಿ ಶುದ್ಧಗೊಳಿಸಿದ ಜೇನುತುಪ್ಪಕ್ಕೆ ಸ್ವಲ್ಪ ಒಳ್ಳೆಯ ಸಾಕ್ಷ್ಯವಿದೆ, ಬೇರೆ ಗಾಯಗಳಲ್ಲಿ ಅಷ್ಟಿಲ್ಲ. ಬ್ಯಾಕ್ಟೀರಿಯಾಗಳನ್ನು ತಿನ್ನುವ ವೈರಸ್‌ಗಳಾದ ಬ್ಯಾಕ್ಟೀರಿಯೊಫಾಜ್‌ಗಳ ಬಗ್ಗೆ ಈಗ ಬಹಳ ಮಾತಿದೆ. ಜಾರ್ಜಿಯಾದ ತ್ಬಿಲಿಸಿಯಲ್ಲಿ 1923ರಿಂದಲೂ ಇದಕ್ಕೊಂದು ಸಂಸ್ಥೆಯೇ ಇದೆ. ಆದರೆ ಸುಟ್ಟಗಾಯಗಳ ಮೇಲೆ ಯುರೋಪಿನಲ್ಲಿ ನಡೆದ ಪ್ರಮುಖ ಪ್ರಯೋಗ ನಿರಾಶೆ ತಂದಿತು. ತಯಾರಿಸಿಟ್ಟ ಫಾಜ್ ಕಸುವು ಕಳೆದುಕೊಂಡು, ರೋಗಿಗಳಿಗೆ ಉದ್ದೇಶಿಸಿದ್ದಕ್ಕಿಂತ ಬಹಳ ಕಡಿಮೆ ಪ್ರಮಾಣ ಸಿಕ್ಕಿತ್ತು. ಸಂಶೋಧನೆ ಮುಂದುವರಿಯಲಿ. ಇವತ್ತಿನ ಗಾಯಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಹೊಸ ಆಂಟಿಬಯಾಟಿಕ್ ಬರುತ್ತದೆ ಬಿಡಿ ಎನ್ನುವವರಿಗೂ ಒಂದು ಪಾಠವಿದೆ. ಪ್ಲಾಜೊಮೈಸಿನ್ ಎಂಬ ಹೊಸ ಔಷಧಕ್ಕೆ 2018ರಲ್ಲಿ ಅಮೆರಿಕದ ಪರವಾನಗಿ ಪಡೆದ ಅಕಾವೊಜೆನ್ ಕಂಪನಿ ಮರುವರ್ಷವೇ ದಿವಾಳಿಯಾಯಿತು. ಕಾದಿಟ್ಟು ಅಪರೂಪಕ್ಕೆ ಬಳಸಬೇಕಾದ ಔಷಧದಿಂದ ಲಾಭ ಹುಟ್ಟುವುದಿಲ್ಲ, ಲಾಭವಿಲ್ಲದ ಕಡೆ ಬಂಡವಾಳ ಬರುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್-1 ಪಟ್ಟಿಯಲ್ಲಿರುವ ಆಂಟಿಬಯಾಟಿಕ್‌ಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ದಾಖಲಿಸಬೇಕು. ಕಾನೂನು ಅಂಗಡಿಯನ್ನು ತಡೆಯಬಹುದು, ಗಾಯ ತೊಳೆಯುವ ಕೈಗಳನ್ನು ಅದು ಒದಗಿಸಲಾರದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಶುದ್ಧ ನೀರು, ತರಬೇತಿ ಪಡೆದ ನರ್ಸ್ ಇರುವ ಡ್ರೆಸಿಂಗ್ ಕೋಣೆ, ಎರಡು ಮೂರು ದಿನಗಳಲ್ಲಿ ಕಲ್ಚರ್ ವರದಿ ಕೊಡುವ ಪ್ರಯೋಗಾಲಯದ ಸಂಪರ್ಕ ಇವು ಮೂರು ಇದ್ದರೆ ಬಹಳಷ್ಟು ಆಂಟಿಬಯಾಟಿಕ್ ಚೀಟಿಗಳು ಹುಟ್ಟುವುದೇ ಇಲ್ಲ. ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಇದು. ಓದುಗರಲ್ಲಿ ಕೇಳಿಕೊಳ್ಳಬೇಕಾದದ್ದು ಇನ್ನೂ ಸರಳ. ಗಾಯ ತೋರಿಸಲು ಹೋದಾಗ ಕೀವು ತೆಗೆಯಬೇಕೇ, ಔಷಧ ನಿಜಕ್ಕೂ ಬೇಕೇ, ಬೇಕಿದ್ದರೆ ಎಷ್ಟು ದಿನ ಎಂದು ಸಂಕೋಚವಿಲ್ಲದೆ ಕೇಳಿ. ವೈದ್ಯರು ಗಾಯವನ್ನು ತೊಳೆದು ಕಟ್ಟಿ, ಮಾತ್ರೆ ಬರೆಯದೆ, ನಾಡಿದ್ದು ಬಂದು ತೋರಿಸಿ ಎಂದರೆ ಅವರು ನಿಮ್ಮನ್ನು ಅಲಕ್ಷ್ಯ ಮಾಡಿದರೆಂದು ಭಾವಿಸಿ ಬೇರೆ ಕಡೆ ಹೋಗಿ ಮಾತ್ರೆ ಬರೆಸಿಕೊಳ್ಳಬೇಡಿ. ಹೇಳಿದ ದಿನ ತಪ್ಪಿಸದೆ ಹೋಗಿ ತೋರಿಸಿ.